‘ಎವ್ರಿವನ್’ ತಪ್ಪಿಲ್ಲದೆ ಬರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

“ಎವ್ರಿವನ್ ಹ್ಯಾವ್ ರಿಸೀವ್ಡ್.” “ಎವ್ರಿವನ್ ಆರ್ ರಿಕ್ವೆಸ್ಟೆಡ್.” “ಎವ್ರಿವನ್ ಹ್ಯಾಸ್ ನಾಟ್ ಪೇಯ್ಡ್.” ತಿದ್ದಿಕೊಡಿ ಅಂತ ನನ್ನ ಹತ್ತಿರ ಬರುವ ಮೇಲ್, ಅರ್ಜಿ, ನೋಟಿಸುಗಳಲ್ಲಿ ಈ ಮೂರು ವಾಕ್ಯಗಳು ಮತ್ತೆ ಮತ್ತೆ ಸಿಗುತ್ತವೆ. ಬರೆದವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಉಳಿದ ವಾಕ್ಯಗಳೆಲ್ಲ ಚೆನ್ನಾಗಿಯೇ ಇರುತ್ತವೆ. ‘ಎವ್ರಿವನ್’ ಬಂದ ಕಡೆ ಮಾತ್ರ ಕಾಲು ಜಾರಿರುತ್ತದೆ.

ಈ ಪದ ಏಕವಚನ ಅಂತ ಶಾಲೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಆದರೂ ತಪ್ಪಾಗುವುದು ಯಾಕೆ? ಕೈ ‘ಎವ್ರಿವನ್’ ಅಂತ ಬರೆಯುವಾಗ ತಲೆಯಲ್ಲಿ ‘ಎಲ್ಲರೂ’ ಓಡುತ್ತಿರುತ್ತದೆ. ‘ಎಲ್ಲರೂ’ ಬಹುವಚನ. ಎಲ್ಲರೂ ಬಂದರು, ಎಲ್ಲರೂ ಇದ್ದಾರೆ. ‘ಪ್ರತಿಯೊಬ್ಬರೂ’ ಅಂದರೂ ನಾವು ‘ಬಂದಿದ್ದಾರೆ’ ಎಂದೇ ಮುಗಿಸುತ್ತೇವೆ. ಇಂಗ್ಲಿಷಿನ ‘ಎವ್ರಿವನ್’ ಹಾಗಲ್ಲ. ಅದು ಗುಂಪನ್ನು ಒಟ್ಟಿಗೆ ನೋಡುವುದಿಲ್ಲ. ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. ಆದ್ದರಿಂದ ‘ಎಲ್ಲರೂ’ ಬಿಟ್ಟು ‘ಪ್ರತಿಯೊಬ್ಬನೂ ಬಂದಿದ್ದಾನೆ’, ‘ಪ್ರತಿಯೊಬ್ಬಳೂ ಬಂದಿದ್ದಾಳೆ’ ಅಂತ ಯೋಚಿಸಿ ನೋಡಿ. ಕೆಳಗಿನ ಹಂತಗಳು ಈ ಅಭ್ಯಾಸ ಕೂರುವ ತನಕ ಕೈ ಹಿಡಿಯಲು.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ನೇರವಾಗಿ ಕ್ರಿಯಾಪದ ತಿದ್ದಲು ಹೋಗುತ್ತಾರೆ. ಪದವೇ ತಪ್ಪಾಗಿದ್ದರೆ ಕ್ರಿಯಾಪದ ಸರಿ ಮಾಡಿ ಏನು ಪ್ರಯೋಜನ?

## ಶುರು ಮಾಡುವ ಮುಂಚೆ ಏನೇನು ಬೇಕು

ನೀವು ಈಗಾಗಲೇ ಕಳಿಸಿದ ಐದಾರು ಹಳೆಯ ಮೇಲ್ ಅಥವಾ ಮೆಸೇಜ್ ತೆಗೆದಿಟ್ಟುಕೊಳ್ಳಿ. ಪುಸ್ತಕದ ಉದಾಹರಣೆಗಳಿಗಿಂತ ನಿಮ್ಮದೇ ತಪ್ಪು ಬೇಗ ಪಾಠ ಕಲಿಸುತ್ತದೆ. ಕಂಪ್ಯೂಟರಿನಲ್ಲಿ ಪದ ಹುಡುಕುವ ಸೌಲಭ್ಯ ಬೇಕು. ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಸಾಕು.

ಇನ್ನೊಂದು ಒಳ್ಳೆಯ ಸಾಧನ ಇದೆ. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಒಪ್ಪಿಕೊಂಡ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಇಂಗ್ಲಿಷ್ ಪಠ್ಯ. ಅದರಲ್ಲಿರುವುದು 30 ವಿಧಿಗಳು. ಅವುಗಳಲ್ಲಿ ಬಹಳಷ್ಟು ಶುರುವಾಗುವುದೇ ‘ಎವ್ರಿವನ್’ ಪದದಿಂದ. ಈ ಪದ ತೊಡಕು ಕೊಡುವ ಕೆಲವು ಕಡೆಗಳಿಗೆ ಅದರಲ್ಲಿ ಒಳ್ಳೆಯ ಮಾದರಿ ವಾಕ್ಯಗಳಿವೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಪ್ರತಿ ಪಕ್ಕದಲ್ಲಿರಲಿ.

ತಪ್ಪು ಕಾಗುಣಿತಕ್ಕೆ ಕೆಂಪು ಗೆರೆ ಹಾಕುವ ತಂತ್ರಾಂಶವನ್ನು ಇಲ್ಲಿ ನಂಬಬೇಡಿ. ‘ಎವ್ರಿವನ್’ ಸರಿಯಾದ ಪದ, ‘ಎವ್ರಿ’ ಸರಿಯಾದ ಪದ, ‘ವನ್’ ಕೂಡ ಸರಿ. ನೀವು ತಪ್ಪು ಜಾಗದಲ್ಲಿ ಇಟ್ಟಿದ್ದರೂ ಕಾಗುಣಿತದ ಲೆಕ್ಕದಲ್ಲಿ ತಪ್ಪೇ ಇಲ್ಲ.

## ಹಂತ 1: ಇಲ್ಲಿ ‘ಎವ್ರಿವನ್’ ಬೇಕೋ ಬೇಡವೋ ನೋಡಿ

ಮೊದಲು ಎಷ್ಟು ಜನ ಅಂತ ನೋಡಿ. ಇಬ್ಬರೇ ಇದ್ದರೆ ಈ ಪದ ಬೇಡ. ನಾನು ಮತ್ತು ನನ್ನ ತಮ್ಮ ಮಾತ್ರ ಹೋಗಿದ್ದರೆ “ಬೋತ್ ಆಫ್ ಅಸ್ ವೆಂಟ್”. ಮೂರು ಅಥವಾ ಜಾಸ್ತಿ ಜನರಿದ್ದರೆ ‘ಎವ್ರಿವನ್’ ಬರಬಹುದು. ವಸ್ತುಗಳಿಗೆ ಇದು ಬರುವುದೇ ಇಲ್ಲ. “ಎಲ್ಲವನ್ನೂ ಪ್ಯಾಕ್ ಮಾಡಿದೆ” ಎನ್ನಲು ‘ಎವ್ರಿಥಿಂಗ್’ ಬೇಕು.

‘ಎವ್ರಿಬಡಿ’ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅರ್ಥ ಒಂದೇ, ನಿಯಮವೂ ಒಂದೇ. ಅದು ಮಾತಿಗೆ ಸ್ವಲ್ಪ ಹತ್ತಿರ, ಇದು ಬರಹಕ್ಕೆ ಸ್ವಲ್ಪ ಹತ್ತಿರ.

ನಿಜವಾದ ಗಂಡಾಂತರ ಇರುವುದು ‘ಇಲ್ಲ’ ಬಂದಾಗ. ಇಲ್ಲಿ ಸ್ವಲ್ಪ ನಿಧಾನಿಸಿ.

“ಎಲ್ಲರೂ ದುಡ್ಡು ಕೊಟ್ಟಿಲ್ಲ.” ಇದನ್ನು ಕೇಳಿದ ನಮಗೆ ಸಾಮಾನ್ಯವಾಗಿ ಅರ್ಥವಾಗುವುದು ಏನು? ಕೆಲವರು ಕೊಟ್ಟಿದ್ದಾರೆ, ಕೆಲವರು ಬಾಕಿ. ಈಗ ಇದನ್ನೇ ಪದಕ್ಕೆ ಪದ ಇಟ್ಟರೆ “ಎವ್ರಿವನ್ ಹ್ಯಾಸ್ ನಾಟ್ ಪೇಯ್ಡ್” ಆಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಅರ್ಥ. ಒಂದು, ಕೆಲವರು ಕೊಟ್ಟಿಲ್ಲ. ಎರಡು, ಒಬ್ಬರೂ ಕೊಟ್ಟಿಲ್ಲ. ಓದುವವರು ಯಾವುದನ್ನು ಹಿಡಿಯುತ್ತಾರೋ ನಿಮಗೆ ಗೊತ್ತಾಗುವುದಿಲ್ಲ.

ನನಗೇ ಹೀಗಾಗಿದೆ. ಒಂದು ತರಬೇತಿಗೆ ಫಾರ್ಮ್ ತರಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ಐದು ಜನರದು ಬಾಕಿ ಇತ್ತು, ಅಷ್ಟೇ. ನಾನು “ಎವ್ರಿವನ್ ಡಿಡ್ ನಾಟ್ ಸಬ್ಮಿಟ್ ದ ಫಾರ್ಮ್” ಅಂತ ಮೇಲ್ ಹಾಕಿದೆ. ಓದಿದವರು ಒಬ್ಬರೂ ಕೊಟ್ಟಿಲ್ಲ ಅಂತ ತಿಳಿದು ಕೊನೆಯ ದಿನವನ್ನೇ ಮುಂದೆ ಹಾಕಿದರು. ಹೊತ್ತಿಗೆ ಸರಿಯಾಗಿ ಕೊಟ್ಟಿದ್ದವರಿಗೆ ಬೇಜಾರಾಯಿತು. ಅವರ ಬೇಜಾರು ನ್ಯಾಯವಾಗಿತ್ತು. ಅವತ್ತಿನಿಂದ ‘ನಾಟ್’ ಎಲ್ಲಿದೆ ಅಂತ ನೋಡದೆ ನಾನು ಮೇಲ್ ಕಳಿಸುವುದಿಲ್ಲ.

ಪರಿಹಾರ ಸುಲಭ. ಕೆಲವರು ಮಾತ್ರ ಬಾಕಿ ಇದ್ದರೆ ‘ನಾಟ್’ ಪದವನ್ನು ಮುಂದಕ್ಕೆ ತನ್ನಿ: “ನಾಟ್ ಎವ್ರಿವನ್ ಹ್ಯಾಸ್ ಪೇಯ್ಡ್.” ಒಬ್ಬರೂ ಕೊಟ್ಟಿಲ್ಲದಿದ್ದರೆ ಪದವನ್ನೇ ಬದಲಿಸಿ: “ನೋ ವನ್ ಹ್ಯಾಸ್ ಪೇಯ್ಡ್.” ಎರಡನೆಯದರಲ್ಲಿ ‘ನಾಟ್’ ಮತ್ತೆ ಹಾಕಬೇಡಿ. “ಯಾರೂ ಕೊಟ್ಟಿಲ್ಲ” ಎಂಬಲ್ಲಿ ನಮಗೆ ‘ಇಲ್ಲ’ ಬೇಕೇ ಬೇಕು. ಹಾಗಾಗಿ “ನೋ ವನ್ ಹ್ಯಾಸ್ ನಾಟ್ ಪೇಯ್ಡ್” ಎಂದು ಬರೆದುಬಿಡುತ್ತೇವೆ. ಅದರ ಅರ್ಥ ಪೂರ್ತಿ ತಿರುಗುಮುರುಗು, ಕೊಡದೇ ಇರುವವರು ಯಾರೂ ಇಲ್ಲ ಅಂತ. “ಎನಿವನ್ ಹ್ಯಾಸ್ ನಾಟ್ ಪೇಯ್ಡ್” ಕೂಡ ತಪ್ಪು. ‘ಯಾರೂ’ ಅಂದ ತಕ್ಷಣ ‘ಎನಿವನ್’ ನೆನಪಾಗುವುದೇ ಇದಕ್ಕೆ ಕಾರಣ.

ಮಾನವ ಹಕ್ಕುಗಳ ಘೋಷಣೆ ಇದನ್ನು ಹೇಗೆ ನಿಭಾಯಿಸಿದೆ ನೋಡಿ. ಹಕ್ಕು ಕೊಡುವಾಗ “ಎವ್ರಿವನ್ ಹ್ಯಾಸ್ ದ ರೈಟ್”. ತಡೆಯುವಾಗ “ನೋ ವನ್ ಶಲ್ ಬಿ ಹೆಲ್ಡ್ ಇನ್ ಸ್ಲೇವರಿ”. ಯಾರನ್ನೂ ಗುಲಾಮರಾಗಿ ಇಟ್ಟುಕೊಳ್ಳಬಾರದು ಎನ್ನುವ 4ನೇ ವಿಧಿ ಇದು. “ಎವ್ರಿವನ್ ಶಲ್ ನಾಟ್ ಬಿ” ಅಂತ ಅವರು ಬರೆಯಲಿಲ್ಲ. ಹಾಗೆ ಬರೆದಿದ್ದರೆ ಎಲ್ಲರನ್ನೂ ಇಟ್ಟುಕೊಳ್ಳಬಾರದು, ಕೆಲವರನ್ನು ಇಟ್ಟುಕೊಳ್ಳಬಹುದು ಎಂಬ ಅರ್ಥಕ್ಕೂ ಜಾಗ ಉಳಿಯುತ್ತಿತ್ತು!

ಅಪಾಯದ ಸೂಚನೆ: ‘ಎವ್ರಿವನ್’ ನಂತರ ಅದೇ ವಾಕ್ಯದಲ್ಲಿ ‘ನಾಟ್’ ಅಥವಾ ‘ಡೋಂಟ್’, ‘ಡಿಡಂಟ್’ ಕಂಡರೆ ನಿಲ್ಲಿ. ನೀವು ಹೇಳುವುದು ‘ಎಲ್ಲರೂ ಅಲ್ಲ’ ಅಂತಲೋ ‘ಯಾರೂ ಅಲ್ಲ’ ಅಂತಲೋ ಮನಸ್ಸಿನಲ್ಲಿ ಖಚಿತ ಮಾಡಿಕೊಂಡು ಮುಂದೆ ಹೋಗಿ.

## ಹಂತ 2: ಕೂಡಿಸಿ ಬರೆಯಬೇಕೋ, ಬಿಡಿಸಿ ಬರೆಯಬೇಕೋ

‘ಎವ್ರಿವನ್’ ಒಂದು ಪದ. ‘ಎವ್ರಿ ವನ್’ ಎರಡು ಪದ. ನಡುವಿನ ಒಂದು ಖಾಲಿ ಜಾಗ ವಾಕ್ಯದ ಅರ್ಥವನ್ನೇ ಬದಲಿಸುತ್ತದೆ.

ಮೊದಲ ಪರೀಕ್ಷೆ: ಪಕ್ಕದಲ್ಲೇ ‘ಆಫ್’ ಇದೆಯಾ? ಇದ್ದರೆ ಬಿಡಿಸಿ ಬರೆಯಿರಿ. “ಎವ್ರಿ ವನ್ ಆಫ್ ಯು”, “ಎವ್ರಿ ವನ್ ಆಫ್ ದ ಸ್ಟೂಡೆಂಟ್ಸ್”. “ಎವ್ರಿವನ್ ಆಫ್ ಯು” ಅಂತ ಕೂಡಿಸಿದರೆ ತಪ್ಪು. ಎರಡನೇ ಪರೀಕ್ಷೆ: ಆ ಜಾಗದಲ್ಲಿ ‘ಎವ್ರಿಬಡಿ’ ಇಟ್ಟು ಓದಿ. ವಾಕ್ಯ ಸರಾಗವಾಗಿ ಹೋದರೆ ಕೂಡಿಸಬಹುದು. ಎಡವಿದರೆ ಬಿಡಿಸಬೇಕು.

ವಸ್ತುಗಳ ಬಗ್ಗೆ ಹೇಳುವಾಗ ಸದಾ ಎರಡು ಪದ. ಬುಟ್ಟಿಯಲ್ಲಿದ್ದ ಮಾವಿನಹಣ್ಣು ಒಂದೂ ಬಿಡದೆ ಹುಳಿಯಾಗಿತ್ತು ಎನ್ನಲು “ಎವ್ರಿ ವನ್ ಆಫ್ ದ ಮ್ಯಾಂಗೋಸ್ ವಾಸ್ ಸೋರ್”.

ಜೋರಾಗಿ ಓದಿದರೂ ತಿಳಿಯುತ್ತದೆ. ಕೂಡಿದ ಪದದಲ್ಲಿ ಒತ್ತು ‘ಎವ್’ ಮೇಲೆ ಬಿದ್ದು ಉಳಿದದ್ದು ಹಗುರವಾಗಿ ಹೋಗುತ್ತದೆ. ಬಿಡಿಸಿದಾಗ ‘ವನ್’ ಮೇಲೂ ಒತ್ತು ಬೀಳುತ್ತದೆ.

ಸಮಾರಂಭದ ಭಾಷಣಗಳಲ್ಲಿ ಬರುವ “ಈಚ್ ಅಂಡ್ ಎವ್ರಿ ವನ್” ಕೂಡ ಬಿಡಿಸಿಯೇ ಬರೆಯಬೇಕು. ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಇದನ್ನು ಒಮ್ಮೆ ನೋಡಿ. ಅಚ್ಚಾದ ಮೇಲೆ ತಿದ್ದುವುದು ಕಷ್ಟ ಅಲ್ವಾ? ಜೊತೆಗೆ ಇದೂ ನೆನಪಿರಲಿ. ಎವ್ರಿವನ್, ಸಮ್‌ವನ್, ಎನಿವನ್ ಮೂರೂ ಕೂಡಿದ ಪದಗಳು. ‘ನೋ ವನ್’ ಮಾತ್ರ ಸಾಮಾನ್ಯವಾಗಿ ಎರಡು.

## ಹಂತ 3: ಕ್ರಿಯಾಪದವನ್ನು ಒಬ್ಬನಿಗೆ ಹೊಂದಿಸಿ

ಈಸ್, ವಾಸ್, ಹ್ಯಾಸ್, ಡಸ್. ಈ ನಾಲ್ಕು ಸರಿ. ಆರ್, ವರ್, ಹ್ಯಾವ್, ಡೂ ತಪ್ಪು. ‘ನೋಸ್’, ‘ವಾಂಟ್ಸ್’, ‘ಲೈಕ್ಸ್’ ತರಹ ಕ್ರಿಯಾಪದದ ಕೊನೆಗೆ ‘ಎಸ್’ ಬರಬೇಕು. “ಎವ್ರಿವನ್ ನೋಸ್ ಹಿಮ್.” ಎವ್ರಿ ವನ್ ಎಂದು ಬಿಡಿಸಿ ಬರೆದಾಗಲೂ ಇದೇ ನಿಯಮ.

ಇಷ್ಟು ಬಹಳ ಜನರಿಗೆ ಗೊತ್ತಿರುತ್ತದೆ. ತಪ್ಪಾಗುವುದು ‘ಎವ್ರಿವನ್’ ಮತ್ತು ಕ್ರಿಯಾಪದದ ನಡುವೆ ಬೇರೆ ಮಾತು ನುಗ್ಗಿದಾಗ. “ಎವ್ರಿವನ್ ಇನ್ ದ ಅಕೌಂಟ್ಸ್ ಅಂಡ್ ಸೇಲ್ಸ್ ಟೀಮ್ಸ್…” ಎಂದು ಬರೆಯುವಷ್ಟರಲ್ಲಿ ‘ಟೀಮ್ಸ್’ ಎಂಬ ಬಹುವಚನ ಕಿವಿಯಲ್ಲಿ ಕೂತುಬಿಡುತ್ತದೆ. ಕೈ ತಾನಾಗಿ ‘ಆರ್’ ಬರೆಯುತ್ತದೆ. ನಡುವಿನ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ. “ಎವ್ರಿವನ್… ಈಸ್” ಎಂದು ತಾನೇ ಬರುತ್ತದೆ.

ಘೋಷಣೆಯ 11ನೇ ವಿಧಿಯನ್ನು ಇದೇ ರೀತಿ ಓದಿ ನೋಡಿ: “ಎವ್ರಿವನ್ ಚಾರ್ಜ್ಡ್ ವಿತ್ ಎ ಪೀನಲ್ ಅಫೆನ್ಸ್ ಹ್ಯಾಸ್ ದ ರೈಟ್…” ನಡುವೆ ಐದು ಪದ ಬಂದರೂ ‘ಹ್ಯಾಸ್’ ಅಲುಗಾಡಿಲ್ಲ.

ಇದಕ್ಕಿಂತ ತೊಡಕಿನದು ‘ಹೂ’ ಬಂದಾಗ. ಆಗ ಎರಡು ಕ್ರಿಯಾಪದ ಇರುತ್ತವೆ, ಎರಡನ್ನೂ ನೋಡಬೇಕು. ನೋಟಿಸ್ ಬೋರ್ಡುಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದು: “ಎವ್ರಿವನ್ ಹೂ ಹ್ಯಾವ್ ನಾಟ್ ಪೇಯ್ಡ್ ದ ಫೀಸ್ ಆರ್ ರಿಕ್ವೆಸ್ಟೆಡ್…” ಸರಿಯಾದ್ದು: “ಎವ್ರಿವನ್ ಹೂ ಹ್ಯಾಸ್ ನಾಟ್ ಪೇಯ್ಡ್ ದ ಫೀಸ್ ಈಸ್ ರಿಕ್ವೆಸ್ಟೆಡ್…” ಇಲ್ಲಿ ‘ನಾಟ್’ ಇದ್ದರೂ ಗೊಂದಲವಿಲ್ಲ, ಯಾಕೆಂದರೆ ಅದು ‘ಹೂ’ ಒಳಗೆ ಸೇರಿದೆ. 23ನೇ ವಿಧಿಯ ಮೂರನೇ ಭಾಗ ಇದಕ್ಕೆ ಪಕ್ಕಾ ಮಾದರಿ: “ಎವ್ರಿವನ್ ಹೂ ವರ್ಕ್ಸ್ ಹ್ಯಾಸ್ ದ ರೈಟ್…” ಎರಡು ಕ್ರಿಯಾಪದ, ಎರಡೂ ಏಕವಚನ. ಇದೊಂದು ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ಸಂಶಯ ಬಂದರೆ ತಪ್ಪಿಸಿಕೊಳ್ಳುವ ದಾರಿಯೂ ಇದೆ. ‘ವಿಲ್’, ‘ಕ್ಯಾನ್’, ‘ಮಸ್ಟ್’, ‘ಶುಡ್’ ಹಾಕಿದರೆ ಏಕವಚನ, ಬಹುವಚನದ ಪ್ರಶ್ನೆಯೇ ಏಳುವುದಿಲ್ಲ. “ಎವ್ರಿವನ್ ಮಸ್ಟ್ ಸೈನ್.” ಇಲ್ಲವೇ “ದೋಸ್ ಹೂ ಹ್ಯಾವ್ ನಾಟ್ ಪೇಯ್ಡ್ ಆರ್ ರಿಕ್ವೆಸ್ಟೆಡ್” ಎಂದು ಬರೆಯಿರಿ. ‘ದೋಸ್’ ಬಹುವಚನ, ನಮ್ಮ ‘ಕೊಡದವರು’ ಪದಕ್ಕೆ ಹತ್ತಿರ. ನೋಟಿಸಿಗೆ ನನಗೆ ಇದೇ ಹೆಚ್ಚು ಇಷ್ಟ.

ಎರಡು ಕಡೆ ‘ಎಸ್’ ಹಾಕಬಾರದು. ಪ್ರಶ್ನೆಯಲ್ಲಿ ‘ಡಸ್’ ಮುಂದೆ ಬಂದಾಗ: “ಡಸ್ ಎವ್ರಿವನ್ ನೋ?” ಇಲ್ಲಿ ‘ನೋಸ್’ ತಪ್ಪು. ಹಾಗೆಯೇ ‘ಲೆಟ್’ ನಂತರ: “ಲೆಟ್ ಎವ್ರಿವನ್ ನೋ.” ಎಲ್ಲ ಕಡೆ ‘ಎಸ್’ ಹಾಕಬೇಕು ಅಂತ ಹೊಸದಾಗಿ ಕಲಿತವರು ಇಲ್ಲಿ ಜಾರುತ್ತಾರೆ.

## ಹಂತ 4: ಮುಂದೆ ಬರುವ ಸರ್ವನಾಮ ಆರಿಸಿ

“ಪ್ರತಿಯೊಬ್ಬರೂ ತಮ್ಮ ಗುರುತಿನ ಚೀಟಿ ತರಬೇಕು.” ನಮ್ಮ ‘ತಮ್ಮ’ ಪದಕ್ಕೆ ಗಂಡು, ಹೆಣ್ಣು ಅಂತ ಭೇದವಿಲ್ಲ. ಇಂಗ್ಲಿಷಿನಲ್ಲಿ ‘ಹಿಸ್’ ಅನ್ನಬೇಕೋ, ‘ಹರ್’ ಅನ್ನಬೇಕೋ, ‘ದೇರ್’ ಅನ್ನಬೇಕೋ?

ದಿನನಿತ್ಯದ ಬರಹಕ್ಕೆ ‘ದೇರ್’ ಹಾಕಿ, ಧೈರ್ಯವಾಗಿ ಹಾಕಿ. “ಎವ್ರಿವನ್ ಮಸ್ಟ್ ಬ್ರಿಂಗ್ ದೇರ್ ಐಡಿ ಕಾರ್ಡ್.” ಹಳೆಯ ವ್ಯಾಕರಣ ಪುಸ್ತಕಗಳು ‘ಹಿಸ್’ ಎನ್ನುತ್ತಿದ್ದವು. 1948ರ ಘೋಷಣೆಯಲ್ಲೂ ಹಾಗೇ ಇದೆ. ಪ್ರತಿಯೊಬ್ಬರಿಗೂ ದೇಶ ಬಿಟ್ಟು ಹೋಗುವ, ಮರಳಿ ಬರುವ ಹಕ್ಕಿದೆ ಎನ್ನುವ 13ನೇ ವಿಧಿಯಲ್ಲಿ “ಹಿಸ್ ಕಂಟ್ರಿ” ಎಂದಿದೆ. ಅದೇ ಘೋಷಣೆಯ ಮೊದಲ ವಿಧಿಯಲ್ಲಿ ‘ಆಲ್ ಮೆನ್’ ಬೇಡ, ‘ಆಲ್ ಹ್ಯೂಮನ್ ಬೀಯಿಂಗ್ಸ್’ ಇರಲಿ ಎಂದು ಹಟ ಹಿಡಿದು ಬದಲಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಈಗ ಕಾಲ ಇನ್ನೂ ಮುಂದೆ ಬಂದಿದೆ. ಸಂಶೋಧನಾ ಪ್ರಬಂಧ ಬರೆಯುವವರು ಬಳಸುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ ಕೈಪಿಡಿಯ 7ನೇ ಆವೃತ್ತಿ 2019ರಲ್ಲಿ ಬಂತು. ಒಬ್ಬರನ್ನು ಸೂಚಿಸಲು ‘ದೇ’, ‘ದೇರ್’ ಬಳಸುವುದನ್ನು ಅದೂ ಒಪ್ಪಿದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಒಂದು ಎಚ್ಚರಿಕೆ. ಪರೀಕ್ಷೆಯ ಪ್ರಶ್ನೆ ಹಳೆಯ ನಿಯಮವನ್ನೇ ಹಿಡಿದಿರಬಹುದು. ಅಲ್ಲಿ ನಾಲ್ಕೂ ಆಯ್ಕೆಗಳನ್ನು ನೋಡಿ, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರದ ರೂಢಿ ನೋಡಿ ತೀರ್ಮಾನಿಸಿ.

‘ದೇ’ ಬಂತು ಅಂತ ಹಿಂದಿನ ಕ್ರಿಯಾಪದವನ್ನು ಬದಲಿಸಬೇಡಿ. “ಎವ್ರಿವನ್ ಥಿಂಕ್ಸ್ ದೇ ಆರ್ ರೈಟ್.” ‘ಥಿಂಕ್ಸ್’ ಏಕವಚನ, ‘ಆರ್’ ಬಹುವಚನ. ನೋಡಲು ವಿಚಿತ್ರ, ಆದರೆ ಇದೇ ಸರಿ. “ಎಲ್ಲರಿಗೂ ಗೊತ್ತು, ಅಲ್ವಾ?” ಎನ್ನುವಾಗಲೂ ಹೀಗೇ: “ಎವ್ರಿವನ್ ನೋಸ್, ಡೋಂಟ್ ದೇ?”

## ಹಂತ 5: ‘ಎಸ್’ ಮತ್ತು ಮೇಲಿನ ಗೆರೆ

ಅಕ್ಷರದ ಮೇಲೆ ಹಾಕುವ ಆ ಸಣ್ಣ ಗೆರೆ, ಅಪಾಸ್ಟ್ರಫಿ, ಇಲ್ಲಿ ಕಡ್ಡಾಯ. ಅದಿಲ್ಲದ ‘ಎವ್ರಿವನ್ಸ್’ ಎಂಬ ಪದವೇ ಇಂಗ್ಲಿಷಿನಲ್ಲಿ ಇಲ್ಲ. ಈ ಪದಕ್ಕೆ ಬಹುವಚನ ಇಲ್ಲ, ಹಾಗಾಗಿ ಗೆರೆಯನ್ನು ‘ಎಸ್’ ಆದ ಮೇಲೆ ಹಾಕುವ ಸಂದರ್ಭವೂ ಬರುವುದಿಲ್ಲ. ಯಾವಾಗಲೂ ‘ಎಸ್’ ಗಿಂತ ಮುಂಚೆ.

‘ಎಲ್ಲರ’ ಎನ್ನಲು ಇದೇ ರೂಪ: “ಎವ್ರಿವನ್’ಸ್ ಸಪೋರ್ಟ್”. ‘ಉಳಿದವರೆಲ್ಲರ’ ಎನ್ನುವಾಗ ಗೆರೆ ಕೊನೆಯ ಪದಕ್ಕೆ ಹೋಗುತ್ತದೆ: “ಎವ್ರಿವನ್ ಎಲ್ಸ್’ಸ್ ಮಾರ್ಕ್ಸ್”. ಮಾತಿನ ಧಾಟಿಯಲ್ಲಿ “ಎವ್ರಿವನ್’ಸ್ ಹಿಯರ್” ಅಂದರೆ ‘ಈಸ್’ ಕುಗ್ಗಿದ್ದು. ಆಫೀಸಿನ ಪತ್ರದಲ್ಲಿ ಅದನ್ನು ಬಿಡಿಸಿ ಬರೆಯಿರಿ.

ಇಲ್ಲೊಂದು ಬಲೆ ಇದೆ. “ಎವ್ರಿವನ್’ಸ್ ಡಾಕ್ಯುಮೆಂಟ್ಸ್ ಆರ್ ರೆಡಿ.” ಇಲ್ಲಿ ‘ಆರ್’ ಸರಿ! ರೆಡಿ ಇರುವುದು ಜನ ಅಲ್ಲ, ದಾಖಲೆಗಳು. ಮೂರನೇ ಹಂತ ಕಲಿತ ಉತ್ಸಾಹದಲ್ಲಿ ಇದನ್ನು ‘ಈಸ್’ ಮಾಡಬೇಡಿ.

## ಹಂತ 6: ಕರೆಯುವಾಗ ಅಲ್ಪವಿರಾಮ

“ಗುಡ್ ಮಾರ್ನಿಂಗ್, ಎವ್ರಿವನ್.” ಕರೆಯುತ್ತಿರುವುದರಿಂದ ನಡುವೆ ಅಲ್ಪವಿರಾಮ ಬೇಕು. “ಡಿಯರ್ ಎವ್ರಿವನ್” ನಡುವೆ ಬೇಡ, ಕೊನೆಗೆ ಬೇಕು. “ಎವ್ರಿವನ್, ಪ್ಲೀಸ್ ಬ್ರಿಂಗ್ ಯುವರ್ ಲ್ಯಾಪ್‌ಟಾಪ್” ಎಂದು ನೇರವಾಗಿ ಹೇಳುವಾಗ ‘ದೇರ್’ ಅಲ್ಲ, ‘ಯುವರ್’. ಎದುರಿಗಿದ್ದವರೊಂದಿಗೇ ತಾನೇ ಮಾತಾಡುತ್ತಿರುವುದು.

## ಹಂತ 7: ಕಳಿಸುವ ಮುಂಚೆ ಎರಡು ನಿಮಿಷ

ಹುಡುಕುವ ಪೆಟ್ಟಿಗೆಯಲ್ಲಿ ‘ಎವ್ರಿ’ ಅಂತ ಮಾತ್ರ ಟೈಪ್ ಮಾಡಿ. ಆಗ ಕೂಡಿಸಿದ್ದು, ಬಿಡಿಸಿದ್ದು, ಎವ್ರಿಬಡಿ ಎಲ್ಲವೂ ಸಿಗುತ್ತವೆ. ಪ್ರತಿಯೊಂದರ ಮುಂದೆ ನಿಂತು ನೋಡಿ. ಪಕ್ಕದಲ್ಲಿ ‘ಆಫ್’ ಇದೆಯಾ? ಆಮೇಲೆ ‘ನಾಟ್’ ಇದೆಯಾ? ‘ಆರ್’, ‘ಹ್ಯಾವ್’, ‘ವರ್’ ಇದೆಯಾ? ಗೆರೆ ಇಲ್ಲದ ‘ಎಸ್’ ಇದೆಯಾ?

ಬಡಾವಣೆಯ ಗುಂಪಿಗೆ ಹೋಗುವ ಒಂದು ಮೆಸೇಜ್ ಇಟ್ಟುಕೊಂಡು ನೋಡೋಣ.

“ಡಿಯರ್ ಎವ್ರಿವನ್, ಎವ್ರಿವನ್ ಆಫ್ ಯು ಆರ್ ಇನ್ವೈಟೆಡ್ ಫಾರ್ ದ ಗಣೇಶ ಪೂಜಾ. ಎವ್ರಿವನ್ ಹ್ಯಾವ್ ನಾಟ್ ಪೇಯ್ಡ್ ದ ಕಾಂಟ್ರಿಬ್ಯೂಷನ್. ಎವ್ರಿವನ್ಸ್ ಸಪೋರ್ಟ್ ಈಸ್ ನೀಡೆಡ್.”

ಮೊದಲ ವಾಕ್ಯದಲ್ಲಿ ‘ಆಫ್’ ಇದೆ, ಬಿಡಿಸಬೇಕು. ‘ಆರ್’ ಹೋಗಿ ‘ಈಸ್’ ಬರಬೇಕು, ‘ಫಾರ್’ ಬದಲು ‘ಟು’ ಇರಲಿ. ಎರಡನೆಯದು ಬರಿ ವ್ಯಾಕರಣದ ತಪ್ಪಲ್ಲ, ದುಡ್ಡು ಕೊಟ್ಟವರ ಮನಸ್ಸಿಗೂ ನೋವು ಮಾಡುವ ವಾಕ್ಯ. ‘ನಾಟ್’ ಮುಂದಕ್ಕೆ ಬರಬೇಕು, ‘ಹ್ಯಾವ್’ ಹೋಗಿ ‘ಹ್ಯಾಸ್’ ಬರಬೇಕು. ಮೂರನೆಯದಕ್ಕೆ ಗೆರೆ ಬೇಕು. ‘ಈಸ್’ ಸರಿಯಿದೆ, ಅದನ್ನು ಮುಟ್ಟಬೇಡಿ.

“ಡಿಯರ್ ಎವ್ರಿವನ್, ಎವ್ರಿ ವನ್ ಆಫ್ ಯು ಈಸ್ ಇನ್ವೈಟೆಡ್ ಟು ದ ಗಣೇಶ ಪೂಜಾ. ನಾಟ್ ಎವ್ರಿವನ್ ಹ್ಯಾಸ್ ಪೇಯ್ಡ್ ದ ಕಾಂಟ್ರಿಬ್ಯೂಷನ್ ಯೆಟ್. ಎವ್ರಿವನ್’ಸ್ ಸಪೋರ್ಟ್ ಈಸ್ ನೀಡೆಡ್.”

ಈಗ ನೀವು ಮಾಡಿ. “ಊಟ ಮಾಡುವವರೆಲ್ಲರೂ ತಮ್ಮ ತಟ್ಟೆ ತೊಳೆಯುತ್ತಾರೆ.” “ಎಲ್ಲರಿಗೂ ಕಾಫಿ ಇಷ್ಟವಿಲ್ಲ, ಕೆಲವರಿಗೆ ಟೀ ಬೇಕು.” ಕೆಳಗೆ ನೋಡುವ ಮುಂಚೆ ಕಾಗದದ ಮೇಲೆ ಬರೆದುಕೊಳ್ಳಿ.

ಮೊದಲನೆಯದು: “ಎವ್ರಿವನ್ ಹೂ ಈಟ್ಸ್ ವಾಷಸ್ ದೇರ್ ಪ್ಲೇಟ್.” ‘ಹೂ’ ಇದ್ದುದರಿಂದ ಎರಡು ಕ್ರಿಯಾಪದಕ್ಕೂ ‘ಎಸ್’ ಬಂತು, ‘ತಮ್ಮ’ ಇದ್ದಲ್ಲಿ ‘ದೇರ್’ ಬಂತು. ಎರಡನೆಯದು: “ನಾಟ್ ಎವ್ರಿವನ್ ಲೈಕ್ಸ್ ಕಾಫಿ; ಸಮ್ ವಾಂಟ್ ಟೀ.” ಕೊನೆಯಲ್ಲಿ ‘ವಾಂಟ್ಸ್’ ಅಂತ ಬರೆದಿದ್ದರೆ ತಿದ್ದಿಕೊಳ್ಳಿ. ‘ಸಮ್’ ಇಲ್ಲಿ ‘ಕೆಲವರು’, ಅದು ಬಹುವಚನ.